ಅಪ್‌ಡೇಟ್: ಪಫರ್ ಮೀನು ಸಮುದ್ರದ ನೀರಿಗೆ ಒಗ್ಗಿತು

ಅಂಗಡಿಯವರು ಸಿಹಿನೀರಿನ ಮೀನು ಎಂದು ಹೇಳಿ ಕೊಟ್ಟ ಹಸಿರು ಚುಕ್ಕೆಯ ಪಫರನ್ನು ಉಪ್ಪುನೀರಿಗೆ ಹೇಗೆ ಒಗ್ಗಿಸುವುದು ಎಂದು ಕೇಳಿದ್ದೆನಲ್ಲ, ಅದರ ಮುಂದಿನ ಕಥೆ. ಆಗ ಟ್ಯಾಂಕಿನ ನೀರಿನ ಸಾಂದ್ರತೆ 1.005 ಇತ್ತು (ಸಿಹಿನೀರಿನದು 1.000, ಉಪ್ಪು ಹೆಚ್ಚಿದಷ್ಟೂ ಏರುತ್ತದೆ). ಈಗ 1.021. ಹತ್ತು ವಾರ ಹಿಡಿಯಿತು.

ನೀವು ಹೇಳಿದ ಹಾಗೆ ವಾರಕ್ಕೊಮ್ಮೆ ನೀರು ಬದಲಿಸುವಾಗ ಮಾತ್ರ 0.002ರಷ್ಟು ಏರಿಸಿದೆ. ಅಡುಗೆ ಉಪ್ಪಲ್ಲ, ಮರೈನ್ ಸಾಲ್ಟ್, ಅಂದರೆ ಸಮುದ್ರದ ಮೀನಿನ ಟ್ಯಾಂಕಿಗೆಂದೇ ಸಿಗುವ ಉಪ್ಪು. ಹಿಂದಿನ ರಾತ್ರಿಯೇ ಬಕೆಟ್‌ನಲ್ಲಿ ಕಲಸಿ ಪಂಪ್ ಹಾಕಿಡುತ್ತಿದ್ದೆ.

ನಾಲ್ಕನೇ ವಾರ ಎಡವಿದೆ. ನೀರು ಆವಿಯಾಗಿ ಮಟ್ಟ ಇಳಿದಿತ್ತು. ಸುಮ್ನೆ ಉಪ್ಪುನೀರನ್ನೇ ಸುರಿದುಬಿಟ್ಟೆ. ಆವಿಯಾಗುವುದು ಬರೀ ನೀರು, ಉಪ್ಪು ಟ್ಯಾಂಕಿನಲ್ಲೇ ಉಳಿದಿರುತ್ತದೆ ಅಲ್ವಾ! ಸಾಂದ್ರತೆ ಒಮ್ಮೆಲೇ ಏರಿತು. ಮೀನಿಗಿಂತ ಜಾಸ್ತಿ ಪೆಟ್ಟು ಬಿದ್ದಿದ್ದು, ಮೀನಿನ ಕಸದಿಂದ ಬರುವ ವಿಷಕಾರಿ ಅಮೋನಿಯಾವನ್ನು ಕರಗಿಸುವ ಫಿಲ್ಟರಿನ ಬ್ಯಾಕ್ಟೀರಿಯಾಕ್ಕೆ. ಎರಡೇ ದಿನದಲ್ಲಿ ಅಮೋನಿಯಾ 0.5 ಪಿಪಿಎಂಗೆ (ಹತ್ತು ಲಕ್ಷದಲ್ಲಿ ಅರ್ಧ ಭಾಗ) ಏರಿತು. ಪಫರ್‌ನ ಬಿಳಿ ಹೊಟ್ಟೆ ಬೂದು ಬಣ್ಣಕ್ಕೆ ತಿರುಗಿತು, ಊಟ ಬಿಟ್ಟು ಮೂಲೆ ಸೇರಿತು. ಎರಡು ವಾರ ಉಪ್ಪು ಏರಿಸುವುದನ್ನೇ ನಿಲ್ಲಿಸಿ, ದಿನಾ ಸ್ವಲ್ಪ ಸ್ವಲ್ಪ ನೀರು ಬದಲಿಸಿದೆ. ಈಗ ಆವಿಯಾದಷ್ಟು ಸಿಹಿನೀರು ಮಾತ್ರ ಹಾಕುತ್ತೇನೆ.

ಸಾಂದ್ರತೆ ಅಳೆಯುವ ಪ್ಲಾಸ್ಟಿಕ್ ಹೈಡ್ರೋಮೀಟರ್ ಕೂಡ ಮೂಲೆಗೆ ಹೋಯಿತು. ಅದರ ಮುಳ್ಳಿಗೆ ಒಂದು ಗುಳ್ಳೆ ಅಂಟಿದರೂ ಲೆಕ್ಕ ತಪ್ಪುತ್ತದೆ. ಒಂದೆರಡು ಹನಿ ನೀರಿನಲ್ಲಿ ಬೆಳಕು ಬಾಗುವುದನ್ನು ನೋಡಿ ಉಪ್ಪು ಅಳೆಯುವ ರಿಫ್ರ್ಯಾಕ್ಟೋಮೀಟರ್ ಮೊದಲೇ ಕೊಳ್ಳಬೇಕಿತ್ತು.

ಊಟಕ್ಕೆ ಹಾಕುವ ಸಿಹಿನೀರಿನ ಬಸವನಹುಳು ಈ ನೀರಿನಲ್ಲಿ ಬದುಕುವುದಿಲ್ಲ. ಆದರೆ ಪಫರ್‌ನ ಹಲ್ಲು ಬೆಳೆಯುತ್ತಲೇ ಇರುತ್ತದೆ, ಗಟ್ಟಿ ಚಿಪ್ಪು ಕಡಿದು ಸವೆಯಲೇಬೇಕು. ಹಾಗಾಗಿ ಚಿಪ್ಪಿನ ಸಮೇತ ಮರುವಾಯಿ (ಕರಾವಳಿಯ ಕಪ್ಪೆಚಿಪ್ಪು) ಕೊಡುತ್ತಿದ್ದೇನೆ. ಇದರ ಜೊತೆಗೆ ಕ್ಲೌನ್ ಮೀನು ಬಿಡುವ ಯೋಚನೆ ಕೈಬಿಟ್ಟೆ, ಪಫರ್ ಬೇರೆ ಮೀನುಗಳ ರೆಕ್ಕೆ ಕಚ್ಚುವ ಜಾತಿ. ಈಗ ಊಟ ತಡವಾದರೆ ಮೇಲೆ ಬಂದು ನನ್ನ ಮುಖಕ್ಕೇ ನೀರು ಉಗುಳುತ್ತದೆ.