ಫಿನ್ನಿಷ್ 'ತಿಯೆತೊಕೊನೆ': ಈ 'ತಿಯೆತೊ'ಗೆ ಕನ್ನಡದಲ್ಲಿ ಯಾವ ಪದ?

ಎಲ್ಲರಿಗೂ ನಮಸ್ಕಾರ.

ಕಂಪ್ಯೂಟರಿಗೆ ಫಿನ್ನಿಷಿನಲ್ಲಿ 'ತಿಯೆತೊಕೊನೆ' ಅಂತಾರೆ. 'ಕೊನೆ' ಅಂದರೆ ಯಂತ್ರ. ನಮ್ಮ ಕೊನೆಗೂ ಅದಕ್ಕೂ ಸಂಬಂಧ ಇಲ್ಲ. ಬಟ್ಟೆ ಒಗೆಯುವ ಯಂತ್ರ 'ಪೆಸುಕೊನೆ', ಹೊಲಿಗೆ ಯಂತ್ರ 'ಒಂಪೆಲುಕೊನೆ'. ಇಷ್ಟು ಸುಲಭ. ನಾನು ಸಿಕ್ಕಿಕೊಂಡಿರುವುದು 'ತಿಯೆತೊ' ಹತ್ತಿರ.

ಈ ಹೆಸರು ಮೊದಲಿನಿಂದ ಇದ್ದದ್ದಲ್ಲ. 1954ರಲ್ಲಿ ಫಿನ್ಲೆಂಡಿನಲ್ಲಿ ಕಂಪ್ಯೂಟರ್ ಕಟ್ಟಲು ಒಂದು ಸಮಿತಿ ಆಯಿತು. ಆ ಸಮಿತಿಯ ಹೆಸರಲ್ಲಿ ಇದ್ದದ್ದು 'ಮತೆಮತೀಕ್ಕಕೊನೆ', ಅಂದರೆ ಗಣಿತಯಂತ್ರ. ಅವರು ಕಟ್ಟಿದ 'ಎಸ್ಕೊ' ಮುಗಿಯುವಷ್ಟರಲ್ಲಿ 1960. ಅದಕ್ಕೂ ಮೊದಲೇ, 1958ರಲ್ಲಿ, ಅಲ್ಲಿನ ಅಂಚೆ ಉಳಿತಾಯ ಬ್ಯಾಂಕಿಗೆ ಐಬಿಎಂ 650 ಅನ್ನುವ ಕಂಪ್ಯೂಟರ್ ಬಂದಿತ್ತು. ಬ್ಯಾಂಕಿನಲ್ಲಿ ಗಣಿತದ ಸಮಸ್ಯೆ ಬಿಡಿಸುವುದಕ್ಕಿಂತ ಖಾತೆ ನೋಡಿಕೊಳ್ಳುವ ಕೆಲಸವೇ ಜಾಸ್ತಿ ಅಲ್ವಾ? ಗಣಿತಯಂತ್ರ ಅನ್ನುವ ಹೆಸರು ಸಾಲದೆ ಬಂದದ್ದು ಇದರಿಂದಲೇ ಇರಬೇಕು ಅಂತ ನನ್ನ ಊಹೆ. 'ವಿದ್ಯುತ್ ಮಿದುಳು' ಅನ್ನುವ ಅರ್ಥದ ಪದವೂ ಓಡಾಡುತ್ತಿತ್ತು. ಕೊನೆಗೆ ಉಳಿದದ್ದು ತಿಯೆತೊಕೊನೆ.

ಈ 'ತಿಯೆತೊ' ಬಂದದ್ದು 'ತಿಳಿ' ಅನ್ನುವ ಅರ್ಥದ ಕ್ರಿಯಾಪದದಿಂದ. ಆ ಕ್ರಿಯಾಪದದ ಬೇರು 'ತಿಯೆ', ಅಂದರೆ ದಾರಿ. ದಾರಿ ಗೊತ್ತಿರುವುದೇ ತಿಳಿಯುವುದು! ಮಂತ್ರ ಹಾಕಿ ರೋಗ ವಾಸಿ ಮಾಡುತ್ತಿದ್ದ ಹಳ್ಳಿಯ ಬಲ್ಲವರನ್ನು ಕರೆಯುತ್ತಿದ್ದ 'ತಿಯೆತ್ಯಾಯಾ' ಕೂಡ ಇದೇ ಬೇರಿನದು. ನನಗೆ ಇದು ತುಂಬಾ ಹಿಡಿಸಿತು. ಸುಮ್ನೆ 'ಗಣಕಯಂತ್ರ' ಅಂತ ಬರೆದು ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ಗಣಕದಲ್ಲಿರುವುದು ಎಣಿಕೆ, ಇಲ್ಲಿರುವುದು ತಿಳಿವು.

ಆದರೆ ಈ ಒಂದೇ ಪದ ನಮ್ಮ ಮೂರು ಪದಗಳ ಕೆಲಸ ಮಾಡುತ್ತದೆ. 'ತಿಯೆತೊಕಂತ' ಅಂದರೆ ಡೇಟಾಬೇಸ್. ಅಲ್ಲಿ ಅದು ದತ್ತಾಂಶ. 'ತಿಯೆತೊತುರ್ವ' ಅಂದರೆ ಮಾಹಿತಿಯ ಸುರಕ್ಷತೆ. ಅಲ್ಲಿ ಮಾಹಿತಿ. 'ತಿಯೆತೊಸನಕಿರ್ಯ' ಅಂದರೆ ವಿಶ್ವಕೋಶ. ಅದು ಕಂಪ್ಯೂಟರಿಗಿಂತ ಹಳೆಯ ಪದ, ಅಲ್ಲಿ ಅದು ಅರಿವೇ ಸರಿ. ಫಿನ್ನಿಷ್ ಓದುಗರಿಗೆ ಈ ಪದಗಳೆಲ್ಲ ಒಂದೇ ಮನೆಯವು ಅಂತ ಕಣ್ಣಿಗೇ ಕಾಣುತ್ತದೆ. ನಾವು ದತ್ತಾಂಶ, ಮಾಹಿತಿ, ಅರಿವು ಅಂತ ಬಿಡಿಸಿದರೆ ಆ ನಂಟೇ ಹೋಗುತ್ತದೆ.

ಒಂದು ಸಣ್ಣ ಪದಪಟ್ಟಿ ಮಾಡುತ್ತಿದ್ದೇನೆ. ಮೂರೂ ಕಡೆ 'ತಿಳಿವು' ಅಂತಲೇ ಇಟ್ಟು ತಿಳಿವಿನಯಂತ್ರ, ತಿಳಿವಿನಕಣಜ, ತಿಳಿವಿನಕೋಶ ಅಂದರೆ ಓದುವವರಿಗೆ ಒಗ್ಗುತ್ತದಾ? 'ತಿಳಿವು' ಪದವನ್ನು ಡೇಟಾ ಅನ್ನುವ ಅರ್ಥದಲ್ಲಿ ಯಾರಾದರೂ ಬಳಸಿರುವುದನ್ನು ಕಂಡಿದ್ದೀರಾ? ಕಂಡಿದ್ದರೆ ಆ ವಾಕ್ಯವನ್ನೇ ದಯವಿಟ್ಟು ಬರೆದು ಕಳಿಸಿ.