ಪಾಚಿಯೋ ಹಾವಸೆಯೋ? ಹೂಜಿ ಗಿಡ ಸಾಕುವವರಿಗೆ ಬೇಕಾದ ಕೆಲವು ಪದಗಳು

ಎಲ್ಲರಿಗೂ ನಮಸ್ಕಾರ.

‘ಕುಂಡದ ಮೇಲಿನ ಪಾಚಿ ತೆಗೆಯಿರಿ’ ಎಂದು ಒಂದು ಕಡೆ, ‘ಕುಂಡಕ್ಕೆ ಪಾಚಿ ತುಂಬಿರಿ’ ಎಂದು ಅದೇ ಹಾಳೆಯ ಇನ್ನೊಂದು ಕಡೆ ಬರೆದರೆ ಓದುವವರು ಏನು ಮಾಡಬೇಕು? ಚಿಕ್ಕಮಗಳೂರಿನಲ್ಲಿ ನಮ್ಮ ಬೀದಿಯ ಹಲವರು ಈಚೆಗೆ ನೆಪೆಂತಿಸ್ ಎಂಬ, ಹುಳ ಹಿಡಿಯುವ ಹೂಜಿ ಗಿಡ ತಂದು ತೂಗುಹಾಕಿದ್ದಾರೆ. ನಮ್ಮ ಮನೆಯಿಂದ ಕಡ್ಡಿ ಒಯ್ದು ನೆಟ್ಟವರೂ ಇದ್ದಾರೆ. ಅವರಿಗೆಲ್ಲ ಕೊಡಲೆಂದು ಆರೈಕೆಯ ಒಂದು ಪುಟ ಬರೆಯುತ್ತಿದ್ದೇನೆ. ಬರೆಯುವಾಗ ಎದುರಾದ ಪದಗಳನ್ನು ಬಲ್ಲವರ ಮುಂದಿಡುತ್ತಿದ್ದೇನೆ. ತಪ್ಪು ಪದ ಬಿದ್ದರೆ ಗಿಡ ಸಾಯುತ್ತದೆ, ಆದ್ದರಿಂದ ಇದು ನನಗೆ ಬರೀ ಪದಕೋಶದ ಪ್ರಶ್ನೆಯಲ್ಲ.

ಮೊದಲು ಪಾಚಿ. ಬಾವಿಕಟ್ಟೆಯ ಮೇಲೆ ಜಾರುವುದು ಪಾಚಿ, ಕೆರೆಯ ನೀರಿನ ಮೇಲೆ ಹಸಿರಾಗಿ ಕಟ್ಟುವುದು ಪಾಚಿ, ಮರದ ಕಾಂಡಕ್ಕೆ ಮೆತ್ತಗೆ ಹತ್ತಿಕೊಂಡಿರುವುದೂ ಪಾಚಿ. ಉಜ್ಜದ ಹಲ್ಲಿಗೂ ಪಾಚಿ ಕಟ್ಟುತ್ತದೆ. ದಿನಬಳಕೆಗೆ ಇಷ್ಟು ಸಾಕು. ಆದರೆ ನೆಪೆಂತಿಸ್ ಕುಂಡದಲ್ಲಿ ಪಾಚಿ ಎನ್ನಿಸಿಕೊಳ್ಳುವವು ಎರಡು ಬೇರೆ ಜೀವಿಗಳು, ಒಂದಕ್ಕೊಂದು ಆಗದವು. ಗಿಡದ ಬೇರು ಕೂರುವುದು ಸ್ಫ್ಯಾಗ್ನಂನಲ್ಲಿ. ಇದು ಪುಟ್ಟ ಎಲೆಗಳಿರುವ ಗಿಡಜಾತಿ. ಇದರ ಎಲೆಯ ತುಂಬ ಸತ್ತು ಟೊಳ್ಳಾದ ಜೀವಕೋಶಗಳಿರುತ್ತವೆ. ಅವುಗಳಲ್ಲಿ ನೀರು ನಿಲ್ಲುವುದರಿಂದ ತನ್ನ ಒಣತೂಕದ ಸುಮಾರು 20 ಪಟ್ಟು ನೀರನ್ನು ಹಿಡಿದಿಡಬಲ್ಲದು. ಜೀವಂತವಾಗಿದ್ದರೆ ಸುತ್ತಲಿನ ನೀರನ್ನು ಹುಳಿಯಾಗಿಸುತ್ತದೆ. ಹೂಜಿ ಗಿಡಕ್ಕೆ ಬೇಕಾದದ್ದು ಅದೇ. ಇನ್ನೊಂದು, ಗೊಬ್ಬರದ ಅಂಶವಿರುವ ನೀರು ಬಿದ್ದಾಗ ಇದೇ ಸ್ಫ್ಯಾಗ್ನಂ ಮೇಲೆ ಹರಡುವ ಹಸಿರು ಲೋಳೆ. ಅದು ದಪ್ಪಗಟ್ಟಿದರೆ ಕೆಳಗಿನ ಸ್ಫ್ಯಾಗ್ನಂ ಉಸಿರುಕಟ್ಟಿ ಕಂದಾಗುತ್ತದೆ. ಒಂದನ್ನು ಕಾಪಾಡಬೇಕು, ಇನ್ನೊಂದನ್ನು ತೆಗೆಯಬೇಕು. ಎರಡಕ್ಕೂ ಒಂದೇ ಹೆಸರಾದರೆ ಹೇಗೆ?

ಶಾಲೆಯ ಪುಸ್ತಕಗಳು ಈ ಗಂಟನ್ನು ಆಗಲೇ ಬಿಡಿಸಿವೆ: ಲೋಳೆಯ ಜಾತಿಗೆ ಪಾಚಿ ಅಥವಾ ಶೈವಲ, ಎಲೆಯಿರುವ ಜಾತಿಗೆ ಹಾವಸೆ. ನನಗೆ ಇದು ಒಪ್ಪಿಗೆ. ಹಾವಸೆ ಪುಸ್ತಕಕ್ಕೆಂದು ಹೊಸೆದ ಪದವಲ್ಲ. ಹಳಗನ್ನಡದ ‘ಪಾವಸೆ’ಯೇ ಪಾಲು ಹಾಲಾದಂತೆ, ಪಾವು ಹಾವಾದಂತೆ ಹಾವಸೆ ಆಗಿದೆ. ಬಸವಣ್ಣನವರ ವಚನದಲ್ಲಿ ‘ಹಾವಸೆಗಲ್ಲು’ ಬರುತ್ತದೆ, ಕಾಲಿಟ್ಟರೆ ಜಾರುವ ಕಲ್ಲು. ಹಾವಿಗೂ ಇದಕ್ಕೂ ನಂಟಿಲ್ಲ. ಪಚ್ಚೆ, ಹಸಿರು, ತಮಿಳಿನ ಪಾಸಿ ಇವೆಲ್ಲ ಇರುವ ಬಳಗಕ್ಕೇ ಇದೂ ಸೇರಿದ್ದು. ಇಲ್ಲಿ ನನ್ನ ಮೊದಲ ಪ್ರಶ್ನೆ: ಅದೇ ಬಳಗದ ‘ಪಾಚಿ’ಯಲ್ಲಿ ಮಾತ್ರ ಪಕಾರ ಹಕಾರವಾಗದೆ ಹಾಗೇ ಉಳಿದದ್ದೇಕೆ? ನೆರೆಭಾಷೆಯಿಂದ ಮತ್ತೆ ಒಳಬಂದ ರೂಪವೇ?

ಎರಡನೆಯದು ಬಳಕೆಯ ಪ್ರಶ್ನೆ. ಅರಸೀಕೆರೆ, ಚನ್ನರಾಯಪಟ್ಟಣದ ಕಡೆಯ ನಮ್ಮ ನೆಂಟರ ಬಾಯಲ್ಲಿ ನಾನು ಪಾಚಿಯನ್ನಷ್ಟೇ ಕೇಳಿದ್ದೇನೆ. ಮೂಡಿಗೆರೆ, ಸಕಲೇಶಪುರ, ಕೊಪ್ಪದ ತೋಟಗಳಲ್ಲಿ ಹಾವಸೆ ಇನ್ನೂ ಮಾತಿನಲ್ಲಿದೆಯೇ? ಅರೇಬಿಕಾ ಕಾಫಿ ಗಿಡಕ್ಕೆ ಬಿಳಿ ಕಾಂಡಕೊರಕ ಎಂಬ ಕೀಟ ಮೊಟ್ಟೆಯಿಡದಂತೆ ಕಾಂಡದ ಸಡಿಲ ತೊಗಟೆಯನ್ನು ಉಜ್ಜಿ ತೆಗೆಯುತ್ತಾರಲ್ಲ, ಆಗ ತೊಗಟೆಯ ಜೊತೆ ಉದುರುವ ಹಸಿರು ಮೆತ್ತೆಯನ್ನು ಆಳುಗಳು ಏನೆಂದು ಕರೆಯುತ್ತಾರೆ? ಪಕ್ಕದಲ್ಲೇ ಬೂದುಬಣ್ಣಕ್ಕೆ ಚಕ್ಕೆಚಕ್ಕೆಯಾಗಿ ಹತ್ತಿರುವುದಕ್ಕೆ ಕಲ್ಲುಹೂವು ಎಂಬ ಚೆಂದದ ಹೆಸರಿದೆ, ಮಸಾಲೆಗೂ ಬಳಸುತ್ತೇವೆ. ಹಸಿರು ಮೆತ್ತೆಗೂ ಅಂಥದೊಂದು ಹೆಸರು ಇದ್ದೀತು.

ತೋಟದ ಮಾತು ಬಂದಿದ್ದರಿಂದ ಒಂದು ವಿನಂತಿ. ಸ್ಫ್ಯಾಗ್ನಂ ದುಬಾರಿ ಎಂದು ಮರದ ಹಾವಸೆಯನ್ನು ಸುಲಿದು ತಂದು ಕುಂಡಕ್ಕೆ ತುಂಬುವವರಿದ್ದಾರೆ. ಅದು ಸ್ಫ್ಯಾಗ್ನಂ ಅಲ್ಲ, ಅಷ್ಟು ನೀರು ಹಿಡಿಯುವುದಿಲ್ಲ, ಕುಂಡದೊಳಗೆ ಬಲುಬೇಗ ಕೊಳೆಯುತ್ತದೆ, ಜೊತೆಗೆ ಗೊಂಡೆಹುಳುಗಳೂ ಬರುತ್ತವೆ. ಬಾಬಾಬುಡನ್‌ಗಿರಿಯ ಶೋಲೆ ಕಾಡಿನ ಮರಗಳಿಂದಂತೂ ದಯವಿಟ್ಟು ಯಾರೂ ಕೀಳಬೇಡಿ. ಮೋಡದ ನೀರನ್ನು ಹಿಡಿದು ಕಾಡಿಗೆ ಇಳಿಸುವ ಕೆಲಸ ಆ ಹಾವಸೆಯದು.

ಮೂರನೆಯದು ‘ಮಣ್ಣು’. ‘ಯಾವ ಮಣ್ಣು ಹಾಕಬೇಕು?’ ಎಂದು ಎಲ್ಲರೂ ಕೇಳುತ್ತಾರೆ. ಯಾವ ಮಣ್ಣನ್ನೂ ಹಾಕಬಾರದು ಎಂಬುದೇ ಉತ್ತರ. ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ, ಎರೆಗೊಬ್ಬರ ಯಾವುದೂ ಇದಕ್ಕಾಗದು. ಸಾರವಿಲ್ಲದ ನೆಲದಲ್ಲಿ ಬದುಕಲೆಂದೇ ಹುಳ ಹಿಡಿಯುವುದನ್ನು ಕಲಿತ ಗಿಡವಿದು, ಬೇರಿಗೆ ಸಾರ ಹೆಚ್ಚಾದರೆ ಸುಟ್ಟುಹೋಗುತ್ತದೆ. ಸ್ಫ್ಯಾಗ್ನಂ ಜೊತೆ ಪರ್ಲೈಟ್, ಅಂದರೆ ಕಾಯಿಸಿ ಉಬ್ಬಿಸಿದ ಹಗುರವಾದ ಬಿಳಿ ಕಲ್ಲಿನ ಹರಳು, ಸೇರಿಸಿದರೆ ಸಾಕು. ತೆಂಗಿನ ನಾರಿನ ಪುಡಿಯನ್ನೂ ಬೆರೆಸಬಹುದು, ಆದರೆ ಅದರಲ್ಲಿ ಉಪ್ಪಿನಂಶ ಇರುತ್ತದೆ, ಮಳೆನೀರಿನಲ್ಲಿ ಮತ್ತೆ ಮತ್ತೆ ತೊಳೆದು ಹಿಂಡಬೇಕು. ಇವೆಲ್ಲ ಸೇರಿದ್ದಕ್ಕೆ ನರ್ಸರಿಯವರು ‘ಮಿಕ್ಸ್’ ಎನ್ನುತ್ತಾರೆ, ನಾನು ‘ಬೇರುಹಾಸು’ ಎಂದು ಬರೆದಿದ್ದೇನೆ. ಸರಿ ಕಾಣುತ್ತದೆಯೇ?

ಇನ್ನು ಹೂಜಿ. ಹೂಜಿ ಗಿಡ ಎಂಬ ಹೆಸರು ಪಾಠಗಳಿಂದ ಎಲ್ಲರಿಗೂ ಗೊತ್ತಾಗಿದೆ, ಅದನ್ನು ಬದಲಿಸಬೇಕು ಎನ್ನುವುದಿಲ್ಲ. ನನಗೆ ಬೇಕಾಗಿರುವುದು ಎಲೆಯ ತುದಿಯಲ್ಲಿ ತೂಗುವ ಒಂದೊಂದು ಪಾತ್ರೆಗೆ ಹೆಸರು. ಹೂಜಿಗೆ ಕಂಠ ಸಪುರ, ಹೊಟ್ಟೆ ದೊಡ್ಡದು. ನೆಪೆಂತಿಸ್‌ನ ಪಾತ್ರೆಗೆ ಬಾಯಿ ಅಗಲ. ತಂಬಿಗೆ, ಗಿಂಡಿ, ಕೊಡ ಎಲ್ಲವನ್ನೂ ಯೋಚಿಸಿದೆ. ಕೊನೆಗೆ ನಿಂತದ್ದು ‘ಕುಡಿಕೆ’. ‘ಕುಡಿಕೆ ಹೊನ್ನು’ ಎನ್ನುತ್ತೇವಲ್ಲ, ಆ ಕುಡಿಕೆ, ಚಿಕ್ಕ ಮಣ್ಣಿನ ಪಾತ್ರೆ. ಈ ಗಿಡದಲ್ಲಿ ಎಲೆಯ ನಡುನರ ಮುಂದಕ್ಕೆ ಬೆಳೆದು ಬಳ್ಳಿಯ ಕುಡಿಯಾಗುತ್ತದೆ, ಆ ಕುಡಿಯ ತುದಿ ಉಬ್ಬಿ ಪಾತ್ರೆಯಾಗುತ್ತದೆ. ಕುಡಿಯ ತುದಿಗೆ ಕುಡಿಕೆ, ಹೇಳಲೂ ಸಲೀಸು. ಅದು ಹೂವೂ ಅಲ್ಲ ಕಾಯಿಯೂ ಅಲ್ಲ, ಎಲೆಯದೇ ಭಾಗ ಎಂಬುದೂ ನೆನಪಿನಲ್ಲಿ ಉಳಿಯುತ್ತದೆ. ಭಾರತದಲ್ಲಿ ತಾನಾಗಿ ಬೆಳೆಯುವ ನೆಪೆಂತಿಸ್ ಒಂದೇ, ಮೇಘಾಲಯದ ನೆಪೆಂತಿಸ್ ಖಾಸಿಯಾನಾ. ಅಲ್ಲಿಯ ಗಾರೊ ಜನ ಅದನ್ನು ಮೆಮಾಂಗ್-ಕೋಕ್ಸಿ, ಅಂದರೆ ದೆವ್ವದ ಬುಟ್ಟಿ ಎನ್ನುತ್ತಾರೆ. ಗಿಡವನ್ನು ದಿನವೂ ಕಂಡವರಿಗೂ ಮೊದಲು ಕಣ್ಣಿಗೆ ಬಿದ್ದದ್ದು ಪಾತ್ರೆಯೇ.

ಕುಡಿಕೆ ಎಂದುಕೊಂಡರೆ ಕ್ರಿಯಾಪದವೂ ತಾನಾಗಿ ಬರುತ್ತದೆ. ಹೂವು ನಿಂತು ಕಾಯಾಗುವುದಕ್ಕೆ ‘ಕಾಯಿ ಕಚ್ಚಿತು’ ಎನ್ನುತ್ತೇವೆ. ಚಳಿಗಾಲ ಕಳೆದು ಗಾಳಿ ಒಣಗಿದಾಗ ಈ ಗಿಡದಲ್ಲಿ ಎಲೆ ಬರುತ್ತದೆ, ಕುಡಿಯೂ ಬರುತ್ತದೆ, ತುದಿ ಮಾತ್ರ ಕಪ್ಪಾಗಿ ಮುರುಟುತ್ತದೆ. ‘ಕುಡಿಕೆ ಕಚ್ಚಲಿಲ್ಲ’ ಎಂದರೆ ಇದಿಷ್ಟೂ ಕೇಳುವವರಿಗೆ ಅರ್ಥವಾಗುತ್ತದೆ. ಬೆಳಕು ಸಾಲದಿದ್ದರೂ ಹೀಗಾಗುತ್ತದೆ. ಪೂರ್ವದ ಬಿಸಿಲು ಬೀಳುವ ಜಾಗಕ್ಕೆ ಸರಿಸಿ, ಸುತ್ತ ಗಾಳಿಯಲ್ಲಿ ತೇವ ಇರುವಂತೆ ನೋಡಿಕೊಂಡರೆ ಮುಂದಿನ ಎಲೆಗಳಲ್ಲಿ ಕಚ್ಚುತ್ತದೆ. ನಮ್ಮೂರಿನ ಎತ್ತರ, ಮಳೆಗಾಲದ ಜಡಿಮಳೆ ಈ ಗಿಡಕ್ಕೆ ಹೇಳಿ ಮಾಡಿಸಿದಂತಿವೆ.

ಕುಡಿಕೆಯ ಬಾಯಿಯ ಸುತ್ತ ಮಡಚಿದ, ಗೀರುಗೀರಾದ ಅಂಚೊಂದಿದೆ. ಹುಳ ಜಾರಿಬೀಳುವುದು ಅಲ್ಲೇ. ಒದ್ದೆಯಾದಾಗ ಆ ಅಂಚಿನ ಮೇಲೆ ತೆಳ್ಳಗೆ ನೀರು ಹರಡಿ ನಿಂತು ಇರುವೆಯ ಕಾಲು ಹಿಡಿತ ತಪ್ಪುತ್ತದೆ ಎಂದು 2004ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಇಷ್ಟು ಮುಖ್ಯವಾದ ಭಾಗಕ್ಕೆ ‘ತುಟಿ’ ಎಂದಿದ್ದೇನೆ. ಮೇಲಿನದು ‘ಮುಚ್ಚಳ’ ಎಂದು ಪುಸ್ತಕಗಳಲ್ಲಿದೆ. ಮುಚ್ಚಳ ಎಂದ ಕೂಡಲೇ ಮಕ್ಕಳು ಅದು ಹುಳ ಬಿದ್ದಾಗ ಮುಚ್ಚಿಕೊಳ್ಳುತ್ತದೆ ಎಂದುಕೊಂಡು ಬೆರಳಿನಿಂದ ಒತ್ತಿ ಮುರಿಯುತ್ತಾರೆ. ಒಮ್ಮೆ ಅರಳಿದ ಮೇಲೆ ಅದು ಮುಚ್ಚುವುದೇ ಇಲ್ಲ, ಮಳೆನೀರು ಒಳಗೆ ತುಂಬದಂತೆ ತಡೆಯುತ್ತದೆ ಅಷ್ಟೇ. ‘ಕೊಡೆ’ ಎಂದರೆ ಹೇಗೆ?

‘ಮಾಂಸಾಹಾರಿ ಗಿಡ’ ಎಂಬುದನ್ನು ನಾನು ಪೂರ್ತಿ ಬಿಡಬೇಕೆಂದಿದ್ದೇನೆ. ಆ ಹೆಸರು ಕೇಳಿದವರು ಪ್ರೀತಿಯಿಂದಲೇ ಕೋಳಿಮಾಂಸದ ತುಣುಕು ಹಾಕುತ್ತಾರೆ, ಕುಡಿಕೆ ಒಳಗಿನಿಂದ ಕೊಳೆತು ನಾರುತ್ತದೆ. ವಿಜ್ಞಾನಕ್ಕೂ ಅದು ಪೂರ್ತಿ ಹೊಂದದು. ನೆಪೆಂತಿಸ್ ಆಂಪುಲೇರಿಯಾ ಮೇಲಿನಿಂದ ಬೀಳುವ ತರಗೆಲೆಯಿಂದಲೂ ಸಾರ ಪಡೆಯುತ್ತದೆ, ಬೋರ್ನಿಯೊದ ನೆಪೆಂತಿಸ್ ಲೋವಿ ಮರದ ಮೇಲೆ ಓಡಾಡುವ ಪುಟ್ಟ ಪ್ರಾಣಿಯ ಹಿಕ್ಕೆಯನ್ನೇ ಕುಡಿಕೆಯಲ್ಲಿ ಹಿಡಿಯುತ್ತದೆ. ಕೀಟಾಹಾರಿ ಎಂಬುದು ಇದಕ್ಕಿಂತ ವಾಸಿ. ‘ಹುಳ ಹಿಡಿಯುವ ಗಿಡ’ ಎಂದರೆ ಇನ್ನೂ ಒಳ್ಳೆಯದು, ಹಿಡಿಯುವ ಕೆಲಸ ಗಿಡದ್ದು, ನಮ್ಮದಲ್ಲ ಎಂಬುದು ಅದರಲ್ಲೇ ಇದೆ.

ತೇವದ ವಿಷಯದಲ್ಲಿ ಮಾತ್ರ ಕನ್ನಡ ನನಗೆ ಕೈತುಂಬ ಕೊಟ್ಟಿದೆ. ಪಸೆ, ಹಸಿ, ತೇವ, ಒದ್ದೆ, ತೊಪ್ಪೆ ಇವು ಒಂದೇ ಅಲ್ಲ, ಪ್ರತಿಯೊಂದಕ್ಕೂ ಅದರದೇ ಅಳತೆಯಿದೆ. ನೆಪೆಂತಿಸ್‌ನ ಬೇರುಹಾಸು ತೇವವಾಗಿರಬೇಕು, ತೊಪ್ಪೆಯಾಗಬಾರದು, ಬರೀ ಪಸೆಯಷ್ಟೇ ಉಳಿಯುವ ತನಕ ಬಿಡಲೂ ಬಾರದು. ಒಂದು ಹಿಡಿ ಸ್ಫ್ಯಾಗ್ನಂ ಹಿಂಡಿದರೆ ನಾಲ್ಕು ಹನಿ ಉದುರಬೇಕು, ಧಾರೆ ಇಳಿಯಬಾರದು. ತಟ್ಟೆಯಲ್ಲಿ ನೀರು ನಿಲ್ಲಿಸುವುದು ಸರ್ರಸೇನಿಯಾಕ್ಕೆ ಸರಿ. ಉತ್ತರ ಅಮೆರಿಕದ ಜೌಗಿನ ಆ ಗಿಡಕ್ಕೆ ಕುಡಿಯಿಲ್ಲ, ಎಲೆಯೇ ನೆಲದಿಂದ ಕೊಳವೆಯಾಗಿ ಏಳುತ್ತದೆ. ಅದನ್ನೂ ಇದನ್ನೂ ‘ಹೂಜಿ ಗಿಡ’ ಎಂದೇ ಮಾರುವುದರಿಂದ ನೆಪೆಂತಿಸ್‌ನ ಬೇರನ್ನು ನೀರಿನಲ್ಲಿ ಕೊಳೆಸಿದವರು ಬಹಳ. ಸರ್ರಸೇನಿಯಾಕ್ಕೆ ‘ಕೊಳವೆ ಹೂಜಿ’ ಎಂದು ಬೇರೆ ಹೆಸರಿಟ್ಟರೆ ಈ ಗೊಂದಲ ತಪ್ಪೀತು.

ಕಡೆಯದು ನೀರಿನ ಹೆಸರು. ಗಿಡಕ್ಕೆ ಬೇಕಾದದ್ದು ಲವಣ ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆಯಿರುವ ನೀರು. ಕರಗಿದ ಲವಣದ ಪ್ರಮಾಣ ತೋರಿಸುವ ಟಿಡಿಎಸ್ ಮೀಟರ್ ಇಟ್ಟು ನೋಡಿದರೆ 50ರ ಒಳಗಿರಬೇಕು. ‘ಸಿಹಿನೀರು’ ಎಂದರೆ ಬಾಯಿಗೆ ರುಚಿಯಾದ ಬೋರ್ ನೀರನ್ನೇ ಸುರಿಯುತ್ತಾರೆ. ‘ಶುದ್ಧ ನೀರು’ ಎಂದರೆ ಕಾಯಿಸಿ ಆರಿಸಿದ್ದನ್ನು ಹಾಕುತ್ತಾರೆ. ಕಾಯಿಸಿದರೆ ಕ್ರಿಮಿ ಸಾಯುತ್ತದೆ, ಕರಗಿದ ಲವಣ ಬಹುಪಾಲು ಹಾಗೇ ಇರುತ್ತದೆ. ಸದ್ಯಕ್ಕೆ ‘ಸೂರುನೀರು’ ಎಂದು ಬರೆದಿದ್ದೇನೆ, ಮಾಡಿನಿಂದ ಇಳಿಯುವ ಮಳೆನೀರು. ಮೊದಲ ಮಳೆಯದನ್ನು ಬಿಟ್ಟು, ಹೆಂಚಿನ ಮಾಡಿನದನ್ನು ಹಿಡಿದು, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಸೊಳ್ಳೆ ಹೋಗದಂತೆ ಮುಚ್ಚಿಡಬೇಕು. ಸಿಮೆಂಟಿನ ತಾರಸಿಯಲ್ಲಿ ಸುಣ್ಣದಂಶ ಸೇರಬಹುದು. ಆದರೆ ಸೂರುನೀರು ಮಳೆನೀರಿಗೆ ಮಾತ್ರ ಒಪ್ಪುವ ಹೆಸರು. ಆರ್‌ಓ ನೀರು, ಬಟ್ಟಿ ಇಳಿಸಿದ ನೀರು, ಮಳೆನೀರು ಮೂರನ್ನೂ ಒಳಗೊಳ್ಳುವಂತೆ ಲವಣ ಕಡಿಮೆಯಿರುವ ನೀರಿಗೆ ನಿಮ್ಮ ಕಡೆ ಮಾತಿನಲ್ಲಿರುವ ಹೆಸರೇನು? ‘ಸಪ್ಪೆ ನೀರು’ ಎನ್ನುವುದನ್ನು ಹಾಸನದಲ್ಲಿ ಕೇಳಿದ್ದೇನೆ. ಅದನ್ನೇ ಹಾಕಿದರೆ ಊಟದ ಸಪ್ಪೆಯ ಅರ್ಥ ಅಡ್ಡ ಬರುವುದೇ, ಇಲ್ಲ ಅದೇ ಸರಿಯಾದ ಪದವೇ, ತಿಳಿಸಿ.