ಸಹಾಯ ಬೇಕು: ನಗರದಿಂದ (ಹೊಸನಗರ ತಾಲೂಕಿನ ಊರು, ಹಳೆಯ ಬಿದನೂರು) ಕೊಡಚಾದ್ರಿ ಹತ್ತಿ ಕೊಲ್ಲೂರಿಗೆ, 3 ದಿನದ ನಡಿಗೆ

ಎಲ್ಲರಿಗೂ ನಮಸ್ಕಾರ. ದೀಪಾವಳಿ ಕಳೆದ ಮೇಲೆ ನಾಲ್ಕು ಜನ ಹೊರಡುವವರಿದ್ದೇವೆ. ಮೊದಲ ದಿನ ನಗರದ ಕೋಟೆಯಿಂದ ನಿಟ್ಟೂರು, ಎರಡನೇ ದಿನ ಹಿಡ್ಲುಮನೆ ಅಬ್ಬಿಯ (ಜಲಪಾತದ) ಮೇಲೆ ಹಾದು ಮೂಲ ಮೂಕಾಂಬಿಕೆ ದೇವಸ್ಥಾನದ ಬಳಿ ಭಟ್ಟರ ಮನೆ, ಸಂಜೆ ಬೆಟ್ಟದ ತುದಿಯ ಸರ್ವಜ್ಞ ಪೀಠ (1343 ಮೀಟರ್). ಮೂರನೇ ದಿನ ವಳೂರು ಕಡೆಯಿಂದ ಕೊಲ್ಲೂರಿಗೆ ಇಳಿಯುವುದು.

ಹಿಡ್ಲುಮನೆಯನ್ನು ಹತ್ತುವುದಕ್ಕೇ ಇಟ್ಟುಕೊಂಡಿದ್ದೇವೆ. ಪಾಚಿಗಟ್ಟಿದ ಬಂಡೆ ಹತ್ತುವಾಗ ಕೈಗೆ ಸಿಗುತ್ತದೆ, ಇಳಿಯುವಾಗ ಕಾಲಡಿಯಿಂದಲೇ ಜಾರುತ್ತದೆ. ಜೀಪ್ ದಾರಿ ಬೇಡ, ಬರೀ ಧೂಳು.

ತಲಾ 3 ಲೀಟರ್ ನೀರು, ಊಟಕ್ಕೆ 100 ಗ್ರಾಂ ಅವಲಕ್ಕಿ, ಬೆಲ್ಲ, 10 ಮೀಟರ್ ಹಗ್ಗ. ಉಂಬಳಕ್ಕೆ (ಕಾಡಿನ ಜಿಗಣೆಗೆ) ಹೊಗೆಸೊಪ್ಪು ನೆನೆಸಿದ ನೀರಲ್ಲಿ ಅದ್ದಿ ಒಣಗಿಸಿದ ಉದ್ದ ಕಾಲುಚೀಲ. ಉಪ್ಪು ಹಚ್ಚಿದರೆ ಮೊದಲ ಹಳ್ಳ ದಾಟುವಾಗಲೇ ತೊಳೆದುಹೋಗುತ್ತದೆ, ಅದನ್ನು ನೆಚ್ಚಿಲ್ಲ.

ಈಗ ಗೊತ್ತಾಗಬೇಕಾದ್ದು: ಹಿಡ್ಲುಮನೆ ಕಾಲುದಾರಿ ಈಗ ತೆರೆದಿದೆಯೇ, ಅರಣ್ಯ ಇಲಾಖೆಯ ಚೀಟಿ ಎಲ್ಲಿ ಮಾಡಿಸಬೇಕು? ನಿಟ್ಟೂರಲ್ಲಿ ಒಂದು ರಾತ್ರಿಗೆ ಹೋಂಸ್ಟೇ ಇದ್ದರೆ ತಿಳಿಸಿ. ವಳೂರು ಇಳಿಜಾರಲ್ಲಿ ನೀರು ಎಲ್ಲಿಯವರೆಗೆ ಸಿಗುತ್ತದೆ ಎನ್ನುವುದು ಮುಖ್ಯ, ಅದರ ಮೇಲೆ ಹೊರುವ ಭಾರ ನಿಂತಿದೆ. ಆ ಕಡೆ ದನದ ಜಾಡುಗಳು ಕವಲೊಡೆದು ದಾರಿ ತಪ್ಪಿಸುತ್ತವೆ, ಕಾಡಿನೊಳಗೆ ನೆಟ್‌ವರ್ಕ್ ಸಿಗುವುದೂ ಕಷ್ಟ. ಹಾಗಾಗಿ ಜೊತೆಗೆ ಬರುವ ಸ್ಥಳೀಯರಿದ್ದರೆ ದಿನಗೂಲಿ ಎಷ್ಟು ಎಂದೂ ಹೇಳಿ. ಕೊಲ್ಲೂರಿನಿಂದ ಹೊಸನಗರಕ್ಕೆ ಸಂಜೆಯ ಕೊನೇ ಬಸ್ಸು ಎಷ್ಟು ಗಂಟೆಗೆ?